ಅಂಗೈಗೆ ತಕ್ಕ ಪಿಸ್ತೂಲು ಆರಿಸುವುದು ಹೇಗೆ?

ಟೆಕ್ಸಾಸಿನ ಗನ್ ಅಂಗಡಿಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಮ್ಮ ಕಡೆಯವರೊಬ್ಬರು ಕೌಂಟರಿನ ಮುಂದೆ ನಿಂತಿರುತ್ತಾರೆ. ಪಿಸ್ತೂಲನ್ನು ಕೈಗೆ ತೆಗೆದುಕೊಂಡು, ಮುಷ್ಟಿ ಬಿಗಿದು, "ಕೈಗೆ ಚೆನ್ನಾಗಿ ಕೂರುತ್ತೆ" ಅನ್ನುತ್ತಾರೆ. ಅಲ್ಲೇ ದುಡ್ಡು ಕೊಟ್ಟುಬಿಡುತ್ತಾರೆ. ಎರಡು ತಿಂಗಳಾದ ಮೇಲೆ ರೇಂಜಿನಲ್ಲಿ (ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗ) ಸಿಕ್ಕರೆ ಗುಂಡೆಲ್ಲ ಎಡಕ್ಕೇ ಬೀಳುತ್ತಿರುತ್ತವೆ. ನನ್ನ ಕೈಯೇ ಸರಿ ಇಲ್ಲ ಅಂತ ಬೇಜಾರು ಮಾಡಿಕೊಂಡಿರುತ್ತಾರೆ.

ಎಷ್ಟೋ ಸಲ ತಪ್ಪು ಕೈಯದಲ್ಲ, ಆರಿಸಿದ ರೀತಿಯದು. ಮುಷ್ಟಿಗೆ ಹಿತವಾಗಿದ್ದರೆ ಸಾಲದು. ತೋರುಬೆರಳು ಟ್ರಿಗರನ್ನು ನೇರವಾಗಿ ಹಿಂದಕ್ಕೆ ಎಳೆಯುವಂತಿರಬೇಕು.

ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದವರಿಗೆ ಕೋವಿ ಗೊತ್ತು. ಕೋವಿಗೆ ಆನಿಸಲು ಭುಜ ಇದೆ. ಪಿಸ್ತೂಲಿಗೆ ಇರುವುದು ಅಂಗೈ ಮತ್ತು ಮಣಿಕಟ್ಟು ಮಾತ್ರ. ಹಿಡಿಕೆ ಕೆಲವೇ ಮಿಲಿಮೀಟರ್ ಹೆಚ್ಚು ದಪ್ಪವಾದರೂ ಗುರಿಯಲ್ಲಿ ಗೊತ್ತಾಗುತ್ತದೆ.

ಮೊದಲು ಕಾನೂನು

ಇಲ್ಲಿ ಹೇಳುತ್ತಿರುವುದು 9 ಎಂಎಂ ಪಾಲಿಮರ್ ಪಿಸ್ತೂಲುಗಳ ಬಗ್ಗೆ. ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ). ಹಾಗಾಗಿ ಈ ಲೇಖನ ಅಮೆರಿಕದಲ್ಲಿರುವವರಿಗೆ. ಎಚ್‌1ಬಿಯಂಥ ವೀಸಾದಲ್ಲಿದ್ದರೆ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಬಂದೂಕು, ಗುಂಡು ಹೊಂದುವಂತಿಲ್ಲ. ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ರೇಂಜಿಗೆ ಕಾಲಿಡುವ ಮುಂಚೆಯೇ ಇದನ್ನು ವಕೀಲರ ಹತ್ತಿರ ಖಚಿತ ಮಾಡಿಕೊಳ್ಳಿ. ಗೆಳೆಯರ ಮಾತು ನಂಬಿ ವೀಸಾ ಕಳೆದುಕೊಳ್ಳಬೇಡಿ.

ಖಾಲಿ ಇದೆಯೇ ನೋಡಿ

ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆಯಿರಿ, ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆ ಎಳೆಯಿರಿ, ಗುಂಡು ಕೂರುವ ಚೇಂಬರಿನೊಳಗೆ ಕಣ್ಣಿಂದ ನೋಡಿ, ಬೆರಳು ಹಾಕಿ ಮುಟ್ಟಿ. ಅಂಗಡಿಯವರು ಈಗಷ್ಟೇ ನೋಡಿದ್ದರೂ ನೀವೂ ನೋಡಿ.

ಹಿಡಿತ: ಎಲ್ಲರೂ ಎಡವುವುದು ಇಲ್ಲಿ

ಪಾಲಿಮರ್ ಪಿಸ್ತೂಲು ಅಂದರೆ ಕೆಳಗಿನ ಫ್ರೇಮ್ ಗಟ್ಟಿ ಪ್ಲಾಸ್ಟಿಕ್, ಮೇಲಿನ ಸ್ಲೈಡ್ ಮತ್ತು ಬ್ಯಾರಲ್ ಉಕ್ಕು. 1970ರಲ್ಲೇ ಜರ್ಮನಿಯ ಹೆಕ್ಲರ್ ಆಂಡ್ ಕಾಕ್ ವಿಪಿ70 ಬಂದಿತ್ತು. 1982ರಲ್ಲಿ ಆಸ್ಟ್ರಿಯಾ ಸೇನೆ ಗ್ಲಾಕ್ 17 ಒಪ್ಪಿಕೊಂಡ ಮೇಲೆ ಎಲ್ಲರೂ ಈ ದಾರಿ ಹಿಡಿದರು. ಗ್ಲಾಕ್ 17 ಮ್ಯಾಗಜಿನ್ ಇಲ್ಲದೆ ಸುಮಾರು 630 ಗ್ರಾಂ. 1911 ಎಂಬ ಹಳೆಯ ಉಕ್ಕಿನ ಪಿಸ್ತೂಲು ಒಂದು ಕಿಲೋ ದಾಟುತ್ತದೆ. ಭಾರ ಕಡಿಮೆಯಾದಷ್ಟೂ ನಿಮ್ಮ ಹಿಡಿತದ ತಪ್ಪು ಎದ್ದು ಕಾಣುತ್ತದೆ.

ಈಗ ನಿಧಾನವಾಗಿ ಮಾಡಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದನ್ನು ಹಿಡಿಕೆಯ ಹಿಂಭಾಗದಲ್ಲಿ ಆದಷ್ಟು ಮೇಲಕ್ಕೆ ಒತ್ತಿ. ಮೇಲಿಂದ ನೋಡಿದರೆ ಬ್ಯಾರಲ್ ಮತ್ತು ಮುಂಗೈ ಒಂದೇ ಗೆರೆಯಲ್ಲಿರಬೇಕು. ಈ ಗೆರೆ ಕೆಡದಂತೆ, ಸುರಕ್ಷಿತ ದಿಕ್ಕಿಗೆ ತೋರಿಸುತ್ತಾ, ಬೆರಳನ್ನು ಟ್ರಿಗರ್ ಮೇಲಿಡಿ. ಬೆರಳ ತುದಿಯ ಮೆತ್ತನೆ ಭಾಗದ ನಡುಮಧ್ಯ ಟ್ರಿಗರಿಗೆ ತಾಗಬೇಕು. ತುದಿ ಮಾತ್ರ ತಾಗಿದರೆ ಹಿಡಿಕೆ ನಿಮಗೆ ದೊಡ್ಡದು. ಆಗ ಬಲಗೈಯವರು ಟ್ರಿಗರನ್ನು ಎಡಕ್ಕೆ ತಳ್ಳುತ್ತಾರೆ. ಬೆರಳ ಗೆಣ್ಣಿನವರೆಗೆ ಒಳಗೆ ಹೋದರೆ ಹಿಡಿಕೆ ಚಿಕ್ಕದು. ಆಗ ಬಲಕ್ಕೆ ಎಳೆಯುತ್ತಾರೆ.

ಬಹಳ ಜನ ಇಲ್ಲೇ ಒಂದು ಕಳ್ಳದಾರಿ ಹಿಡಿಯುತ್ತಾರೆ. ಬೆರಳು ತಲುಪದಿದ್ದರೆ ಇಡೀ ಅಂಗೈಯನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತಾರೆ. ಬೆರಳೇನೋ ತಲುಪುತ್ತದೆ. ಆದರೆ ಒದೆತ ಹೆಬ್ಬೆರಳ ಬುಡದ ಮೂಳೆಗೆ ಬೀಳುತ್ತದೆ, ಪ್ರತಿ ಗುಂಡಿಗೂ ಹಿಡಿತ ಜಾರುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ.

ತಲುಪದಿದ್ದರೆ ಹಿಡಿಕೆಯ ಹಿಂಭಾಗದ ಬ್ಯಾಕ್‌ಸ್ಟ್ರಾಪ್ (ತೆಗೆದು ಹಾಕಬಹುದಾದ ಪಟ್ಟಿ) ಬದಲಿಸಿ ನೋಡಿ. ಗ್ಲಾಕ್‌ನಲ್ಲಿ ಇದು 2010ರ ನಾಲ್ಕನೇ ಪೀಳಿಗೆಯಿಂದ ಬಂತು. ಸ್ಮಿತ್ ಆಂಡ್ ವೆಸನ್ ಎಂಆಂಡ್‌ಪಿ 2.0 ಜೊತೆ ನಾಲ್ಕು ಅಳತೆ ಬರುತ್ತವೆ. ಹೆಕ್ಲರ್ ಆಂಡ್ ಕಾಕ್ ವಿಪಿ9ರಲ್ಲಿ ಹಿಂಭಾಗ, ಎಡಪಕ್ಕ, ಬಲಪಕ್ಕ ಮೂರಕ್ಕೂ ಮೂರು ಮೂರು ಅಳತೆ. ಒಟ್ಟು 27 ಜೋಡಣೆ! ಕೈ ಅಳತೆ ಸ್ವಲ್ಪ ವಿಚಿತ್ರವಾಗಿದ್ದವರಿಗೆ ನಾನು ಮೊದಲು ಕೊಡುವುದು ಇದನ್ನೇ. ಸಿಗ್ ಪಿ320ರಲ್ಲಿ ಕಾನೂನಿನ ಲೆಕ್ಕದ 'ಗನ್' ಅಂದರೆ ಒಳಗಿನ ಲೋಹದ ಭಾಗ. ಪ್ಲಾಸ್ಟಿಕ್ ಹಿಡಿಕೆಯನ್ನು ಬೇರೆಯಾಗಿಯೇ ಕೊಂಡು ಬದಲಿಸಬಹುದು.

ಅಳತೆ ಕೂಡಿತು ಅನಿಸಿದ ಮೇಲೆ ಅಂಗಡಿಯವರನ್ನು ಕೇಳಿ ಖಾಲಿ ಟ್ರಿಗರ್ ಒತ್ತಿ ನೋಡಿ. ಸ್ಲೈಡಿನ ಮೇಲೆ, ಮುಂದಿನ ಸೈಟ್ (ಗುರಿ ನೋಡುವ ಮೊನೆ) ಪಕ್ಕ, ಒಂದು ನಾಣ್ಯ ಇಡಿಸಿಕೊಳ್ಳಿ. ಹತ್ತು ಸಲ ಒತ್ತಿ. ಒಂದು ಪಿಸ್ತೂಲಿನಲ್ಲಿ ನಾಣ್ಯ ನಿಂತು ಇನ್ನೊಂದರಲ್ಲಿ ಪದೇ ಪದೇ ಬೀಳುತ್ತಿದೆ ಅಂದರೆ ನಿಮ್ಮ ಬೆರಳಿಗೆ ಯಾವುದು ಸರಿ ಅಂತ ಗೊತ್ತಾಯಿತಲ್ವಾ?

ಹಿಡಿಕೆ ಜಾರುತ್ತದೆ ಅಂತ ರಬ್ಬರ್ ಕವರ್ ಹಾಕಬೇಡಿ. ಅಗ್ಗದವು ಬೆವರಿಗೆ ತಿರುಗುತ್ತವೆ, ಮೇಲಾಗಿ ಹಿಡಿಕೆಯನ್ನು ಇನ್ನೂ ದಪ್ಪ ಮಾಡುತ್ತವೆ. ಸಾಲ್ಡರಿಂಗ್ ಕಡ್ಡಿ ಕಾಯಿಸಿ ಪ್ಲಾಸ್ಟಿಕ್ಕಿಗೆ ಚುಕ್ಕಿ ಹಾಕುವುದೂ ಬೇಡ. ಒರಟು ಟೇಪ್ ಸಾಕು. ಬೇಡವೆಂದಾಗ ಕಿತ್ತು ಬಿಸಾಡಬಹುದು.

ಕಣ್ಣು ಮುಚ್ಚಿ ಎತ್ತಿ

ಗುರಿಯತ್ತ ನೋಡಿ, ಕಣ್ಣು ಮುಚ್ಚಿ, ಖಾಲಿ ಪಿಸ್ತೂಲನ್ನು ಎರಡೂ ಕೈಯಿಂದ ಎತ್ತಿ, ಕಣ್ಣು ತೆರೆಯಿರಿ. ಮುಂದಿನ ಸೈಟ್ ಎಲ್ಲಿದೆ? ಗ್ಲಾಕ್ ಹಿಡಿಕೆ ಜಾಸ್ತಿ ಓರೆ. 1911 ಅಭ್ಯಾಸ ಇರುವವರು ಎತ್ತಿದರೆ ಮೂತಿ ಮೇಲಕ್ಕೆ ನೋಡುತ್ತದೆ. ಅವರಿಗೆ ಎಂಆಂಡ್‌ಪಿ ಹಿತ. ಹೊಸಬರಿಗೆ ಈ ವ್ಯತ್ಯಾಸ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಬೆರಳು ತಲುಪದಿರುವುದು ಮಾತ್ರ ಯಾವತ್ತೂ ಹೊಂದಿಕೊಳ್ಳುವುದಿಲ್ಲ.

ಸ್ಲೈಡ್, ಸ್ಲೈಡ್ ಸ್ಟಾಪ್

ಸ್ಲೈಡನ್ನು ಎರಡು ಬೆರಳಿಂದ ಚಿವುಟಿ ಎಳೆಯಬೇಡಿ. ಇಡೀ ಅಂಗೈಯಿಂದ ಮೇಲಿಂದ ಹಿಡಿದು, ಇನ್ನೊಂದು ಕೈಯಿಂದ ಪಿಸ್ತೂಲನ್ನು ಮುಂದಕ್ಕೆ ತಳ್ಳಿ. ಆಗಲೂ ಕಷ್ಟವಾದರೆ ಮೆದು ಸ್ಪ್ರಿಂಗ್ ಇರುವ, ಸ್ಮಿತ್ ಆಂಡ್ ವೆಸನ್‌ನ ಶೀಲ್ಡ್ ಇಝಡ್ ನೋಡಿ. ಹೆಬ್ಬೆರಳು ಸ್ಲೈಡ್ ಸ್ಟಾಪ್ (ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಚಿಕ್ಕ ಸನ್ನೆ) ಮೇಲೆ ಕೂರುತ್ತಿದ್ದರೆ ಗುಂಡು ಮುಗಿದಾಗ ಸ್ಲೈಡ್ ಹಿಂದೆ ನಿಲ್ಲುವುದಿಲ್ಲ. ಅದು ಪಿಸ್ತೂಲಿನ ರಿಪೇರಿಯಲ್ಲ, ಬೆರಳ ಜಾಗದ ವಿಷಯ.

ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು?

ಇದು ನಾನು ಕೇಳಿದ ಅತಿ ಕೆಟ್ಟ ಸಲಹೆ. ನನ್ನ ಹೆಂಡತಿಗೂ ಅಂಗಡಿಯೊಂದರಲ್ಲಿ ಹಾಗೆಯೇ ಹೇಳಿ ಜೇಬಿಗೆ ಹಿಡಿಸುವಂಥದ್ದು ಕೊಟ್ಟರು. ಕಿರುಬೆರಳು ಗಾಳಿಯಲ್ಲಿ ನೇತಾಡುತ್ತಿತ್ತು. ಗುಂಡು ಅದೇ 9 ಎಂಎಂ, ಅದನ್ನು ತಡೆಯುವ ಭಾರ ಮಾತ್ರ ಕಡಿಮೆ. ಇಪ್ಪತ್ತು ಗುಂಡಿಗೆ ಅವಳ ಅಂಗೈ ಕೆಂಪಾಗಿತ್ತು. ಗುಂಡು ಹಾರುವ ಮುಂಚೆಯೇ ಕೈ ಬೆಚ್ಚುವ ಅಭ್ಯಾಸವೂ ಬಂತು. ಅದನ್ನು ಬಿಡಿಸಲು ತಿಂಗಳುಗಳೇ ಬೇಕಾದವು. ಮ್ಯಾಗಜಿನ್‌ನಲ್ಲಿ ಮಧ್ಯೆ ಮಧ್ಯೆ ಮದ್ದಿಲ್ಲದ ಡಮ್ಮಿ ಗುಂಡು ಹಾಕಿ ಹೊಡೆಸಿದೆ. ಡಮ್ಮಿ ಬಂದಾಗ ಮೂತಿ ಕೆಳಗೆ ಬಗ್ಗಿದರೆ ಬೆಚ್ಚುತ್ತಿದ್ದಾರೆ ಅಂತಲೇ ಅರ್ಥ. ಈಗ ಅವಳು ಹೊಡೆಯುವುದು ಗ್ಲಾಕ್ 19ರಂಥ ಮಧ್ಯಮ ಗಾತ್ರದ್ದು. ಮೊದಲ ಪಿಸ್ತೂಲು ಆ ಗಾತ್ರಕ್ಕಿಂತ ಚಿಕ್ಕದು ಬೇಡವೇ ಬೇಡ.

ಬಾಡಿಗೆಗೆ ತೆಗೆದು ಹೊಡೆಯಿರಿ

ಮೂರು ಪಿಸ್ತೂಲು ಆರಿಸಿ, ಒಂದೇ ದಿನ, ಒಂದೇ ಬಗೆಯ 115 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿನಲ್ಲಿ, 7 ಗಜದಿಂದ ಹೊಡೆಯಿರಿ. ಒಂದೊಂದಕ್ಕೆ ಐವತ್ತು ಗುಂಡು. ಮಣಿಕಟ್ಟು ಸಡಿಲ ಬಿಡಬೇಡಿ. ಹಗುರ ಫ್ರೇಮಿನಲ್ಲಿ ಸಡಿಲ ಬಿಟ್ಟರೆ ಹಾರಿದ ಗುಂಡಿನ ಖಾಲಿ ಕವಚ ಸ್ಲೈಡಿನಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಮೊದಲ ಹತ್ತು ಗುಂಡು ಎಲ್ಲದರಲ್ಲೂ ಚೆನ್ನಾಗಿಯೇ ಬೀಳುತ್ತವೆ. ನೋಡಬೇಕಾದದ್ದು ಕೈ ದಣಿದ ಮೇಲಿನ ಕೊನೆಯ ಹತ್ತು. ಅದಕ್ಕೆ ಬೇರೆ ಗುರಿಹಾಳೆ ಹಾಕಿ. ಹೊಡೆದಾದ ಮೇಲೆ ಹಾಳೆಯ ಹಿಂದೆ ಪಿಸ್ತೂಲಿನ ಹೆಸರು, ಬ್ಯಾಕ್‌ಸ್ಟ್ರಾಪಿನ ಅಳತೆ ಬರೆದು ಮಡಚಿಡಿ. ಕೊಳ್ಳುವ ದಿನ ಅಂಗಡಿಗೆ ಆ ಮೂರು ಹಾಳೆ ತೆಗೆದುಕೊಂಡು ಹೋಗಿ.