ಕೂಸಿಗೆ ಎದೆ ಹಿಡಿಸುವುದು ಹೇಗೆ? ಆಸ್ಪತ್ರೆ ಬಿಡುವ ಮೊದಲೇ ತಿಳಿದವರಿಗೆ ತೋರಿಸಿ

ಹಡೆದ ಮೂರನೇ ದಿನಕ್ಕೆ ಎಷ್ಟೋ ಮನೆಗಳಲ್ಲಿ ಡಬ್ಬಿ ಹಾಲು ಬಂದಿರುತ್ತದೆ. 'ಹಾಲು ಸಾಲವಲ್ದು' ಎಂದು ಅವ್ವ, ಅತ್ತೆ, ನೆರೆಮನೆಯವರು ಸೇರಿ ತೀರ್ಮಾನ ಮಾಡಿರುತ್ತಾರೆ. ಬಾಗಲಕೋಟೆಯ ಹೆರಿಗೆ ವಾರ್ಡುಗಳಲ್ಲಿ, ಸುತ್ತಲಿನ ಊರುಗಳ ಬಾಣಂತಿ ಕೋಣೆಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಆದರೆ ಹೆಚ್ಚಿನ ಸಲ ಅಲ್ಲಿ ಹಾಲಿಗೆ ಕೊರತೆ ಇರುವುದಿಲ್ಲ. ಕೂಸು ತೊಟ್ಟನ್ನಷ್ಟೇ ಚೀಪುತ್ತಿರುತ್ತದೆ, ಎದೆಯನ್ನು ಸರಿಯಾಗಿ ಹಿಡಿದಿರುವುದಿಲ್ಲ. ಇದನ್ನು ಫೋನಿನಲ್ಲಿ ಕೇಳಿ ಸರಿಮಾಡಲು ಆಗುವುದಿಲ್ಲ. ತಿಳಿದವರೊಬ್ಬರು ಪಕ್ಕದಲ್ಲಿ ಕೂತು, ಕೂಸು ಕುಡಿಯುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕು.

ಹೆರಿಗೆಗೆ ಮೊದಲು

ಏಳೆಂಟು ತಿಂಗಳಿದ್ದಾಗಲೇ ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿಡಿ: 'ಹಾಲು ಕುಡಿಸಲು ಕಲಿಸುವವರು ಇಲ್ಲಿ ಯಾರು? ರಾತ್ರಿ ಪಾಳಿಯಲ್ಲೂ ಇರ್ತಾರಾ?' ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ತರಬೇತಿ ಪಡೆದ ಸಿಸ್ಟರ್ ಇದ್ದರೆ ಸಾಕು. ಖಾಸಗಿಯಾಗಿ ಲ್ಯಾಕ್ಟೇಶನ್ ಕನ್ಸಲ್ಟೆಂಟ್ (ಹಾಲು ಕುಡಿಸಲು ಕಲಿಸುವ ಸಲಹೆಗಾರರು) ಹತ್ತಿರ ಹೋಗುವುದಾದರೆ, ಯಾವ ತರಬೇತಿ ಆಗಿದೆ ಎಂದು ಕೇಳಲು ಸಂಕೋಚ ಬೇಡ. ಐಬಿಸಿಎಲ್‌ಸಿ ಎಂಬುದು ಪರೀಕ್ಷೆ ಪಾಸಾದವರಿಗೆ ಸಿಗುವ ಅಂತರರಾಷ್ಟ್ರೀಯ ಅರ್ಹತೆ. ಡಬ್ಬಿಯನ್ನೋ ಪುಡಿಯನ್ನೋ ಮಾರುವವರನ್ನು ಮಾತ್ರ ಸಲಹೆಗಾರರೆಂದು ನಂಬಬೇಡಿ.

ಮೊದಲ ಒಂದು ಗಂಟೆ

ಹುಟ್ಟಿದ ಗಂಟೆಯೊಳಗೆ ಕೂಸನ್ನು ತಾಯಿಯ ಎದೆಯ ಮೇಲೆ, ಮೈಗೆ ಮೈ ತಾಗುವಂತೆ ಮಲಗಿಸಿ ಕುಡಿಸಲು ಶುರು ಮಾಡಬೇಕು. ಸಿಸೇರಿಯನ್ ಆಗಿದ್ದರೂ ತಾಯಿಗೆ ಎಚ್ಚರವಿದ್ದರೆ ಆಗುತ್ತದೆ. ಮೊದಲು ಬರುವ ಹಳದಿ ಗಿಣ್ಣು ಹಾಲನ್ನು ಹಿಂಡಿ ಚೆಲ್ಲಬೇಡಿ. ಜೇನು, ಸಕ್ಕರೆ ನೀರು, ಘುಟ್ಟಿ ಯಾವುದೂ ಬೇಡ. ಜೇನಂತೂ ಒಂದು ವರ್ಷ ತುಂಬುವ ತನಕ ಅಪಾಯ.

ಎದೆ ಹಿಡಿಸುವುದು: ಇಲ್ಲಿ ಅವಸರ ಬೇಡ

ಮೊದಲು ತಾಯಿ ಆರಾಮಾಗಿ ಕೂರಬೇಕು. ಬೆನ್ನಿಗೆ ದಿಂಬು, ತೊಡೆಯ ಮೇಲೆ ಮಡಿಸಿದ ಕೌದಿ, ಕಾಲು ನೇತಾಡುತ್ತಿದ್ದರೆ ಕೆಳಗೊಂದು ಮಣೆ. ಕೂಸಿನ ಮೇಲೆ ಬಾಗಿ ಕೂತರೆ ಹತ್ತು ನಿಮಿಷಕ್ಕೆ ಸೊಂಟ ಹಿಡಿಯುತ್ತದೆ.

ಕೂಸನ್ನು ಸುತ್ತಿದ ದುಪಟಿ ಬಿಚ್ಚಿ. ನಮ್ಮಲ್ಲಿ ಕೈಕಾಲು ಅಲುಗದಂತೆ ಬಿಗಿಯಾಗಿ ಸುತ್ತಿ ಕೊಡುತ್ತಾರೆ. ಹಾಗಾದಾಗ ಕೂಸು ಮೈಗೆ ಹತ್ತಿರ ಬರುವುದೇ ಇಲ್ಲ, ಬೆಚ್ಚಗೆ ನಿದ್ದೆಗೂ ಜಾರುತ್ತದೆ. ಅದರ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಬೇಕು. ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಬೇಕು. ಮೈ ಮೇಲ್ಮುಖವಾಗಿದ್ದು ಮುಖ ಮಾತ್ರ ಎದೆಯತ್ತ ತಿರುಗಿದ್ದರೆ ನುಂಗುವುದು ಕಷ್ಟ. ನೀವೇ ಕತ್ತು ಪಕ್ಕಕ್ಕೆ ತಿರುಗಿಸಿಕೊಂಡು ನೀರು ಕುಡಿದು ನೋಡಿ, ಗೊತ್ತಾಗುತ್ತದೆ.

ಈಗ ಕೂಸಿನ ಮೂಗು ತೊಟ್ಟಿಗೆ ಎದುರಾಗಿರಲಿ. ಹೌದು, ಬಾಯಲ್ಲ, ಮೂಗು. ತೊಟ್ಟಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಸವರಿ, ಕಾಯಿರಿ. ಕೂಸು ತಲೆಯನ್ನು ತುಸು ಹಿಂದೆ ಮಾಡಿ, ಆಕಳಿಸುವ ಹಾಗೆ ಬಾಯಿ ಅಗಲ ತೆರೆಯುತ್ತದೆ. ಅರ್ಧ ತೆರೆದಾಗ ತುರುಕಬೇಡಿ. ಎಲ್ಲರೂ ಎಡವುವುದು ಇಲ್ಲೇ. ಕೂಸು ಅಳುತ್ತಿದೆ, ಸುತ್ತ ಜನ ನಿಂತಿದ್ದಾರೆ, ಯಾರೋ ತಲೆ ಹಿಡಿದು ಎದೆಗೆ ಒತ್ತುತ್ತಾರೆ. ಹಿಂದಲೆಗೆ ಕೈ ಹಾಕಿ ಒತ್ತಿದರೆ ಕೂಸು ಹಿಂದಕ್ಕೆ ಸೆಟೆಯುತ್ತದೆ. ಬರಬರುತ್ತ ಎದೆ ಹತ್ತಿರ ಬಂದರೇ ಅಳತೊಡಗುತ್ತದೆ. ಕೈ ಇರಬೇಕಾದದ್ದು ಭುಜ ಮತ್ತು ಕತ್ತಿನ ಬುಡದಲ್ಲಿ.

ಬಾಯಿ ಪೂರ್ತಿ ತೆರೆದ ಕ್ಷಣ ಕೂಸನ್ನು ಎದೆಯ ಹತ್ತಿರ ತನ್ನಿ. ಎದೆಯನ್ನು ಕೂಸಿನತ್ತ ಒಯ್ಯಬೇಡಿ. ಮೊದಲು ಗದ್ದ ತಾಗಲಿ. ಎದೆಗೆ ಆಸರೆ ಬೇಕಿದ್ದರೆ ಹೆಬ್ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗದಿಂದ ದೂರ ಇಟ್ಟು ಹಿಡಿಯಿರಿ. ಎರಡು ಬೆರಳ ನಡುವೆ ಕತ್ತರಿ ಹಾಕಿ ಹಿಡಿಯುವ ರೂಢಿ ಬಿಡಿ. ಬೆರಳು ಅಡ್ಡ ಬಂದು ಕೂಸಿಗೆ ಬಾಯಿ ತುಂಬ ಹಿಡಿಯಲಾಗುವುದಿಲ್ಲ.

ಹಿಡಿದದ್ದು ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಗದ್ದ ಎದೆಗೆ ಅಂಟಿರುತ್ತದೆ. ಕೆಳದುಟಿ ಹೊರಕ್ಕೆ ಮಗುಚಿರುತ್ತದೆ. ಕಪ್ಪು ಭಾಗ ಬಾಯಿಯ ಕೆಳಗಿಗಿಂತ ಮೇಲೆ ಜಾಸ್ತಿ ಕಾಣುತ್ತದೆ. ಕೆನ್ನೆ ಒಳಕ್ಕೆ ಹೋಗದೆ ಉಬ್ಬಿರುತ್ತದೆ. ಮೊದಲು ಚುರುಕಾಗಿ ಚೀಪಿ, ಆಮೇಲೆ ನಿಧಾನವಾಗಿ ಎಳೆದು ನುಂಗುವ ಸದ್ದು ಕೇಳುತ್ತದೆ. ಮುಖ್ಯ ಅಂದರೆ, ತಾಯಿಗೆ ನೋವು ಮುಂದುವರಿಯಬಾರದು. 'ಮೊದಮೊದಲು ಹಾಂಗ ಇರತೈತಿ, ತಡ್ಕೋ' ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಶುರುವಿನ ಕೆಲವು ಕ್ಷಣ ಎಳೆದಂತಾಗಬಹುದು. ಹಲ್ಲು ಕಚ್ಚಿಕೊಂಡು ಕೂರುವಷ್ಟು ನೋವಿದ್ದರೆ ಹಿಡಿತ ತಪ್ಪಿದೆ. ಆಗ ಕೂಸನ್ನು ಜಗ್ಗಬೇಡಿ. ಶುದ್ಧ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿ, ಹಿಡಿತ ಬಿಡಿಸಿ, ಮತ್ತೆ ಮೊದಲಿನಿಂದ ಮಾಡಿ. ಕುಡಿದು ಬಿಟ್ಟಮೇಲೆ ತೊಟ್ಟು ಚಪ್ಪಟೆಯಾಗಿ, ಓರೆಯಾಗಿ ಕಂಡರೂ ಹಿಡಿತ ಸರಿಯಿಲ್ಲವೆಂದೇ ಅರ್ಥ.

ಸಿಸೇರಿಯನ್ ಆದವರು ಹೊಲಿಗೆಯ ಮೇಲೆ ಭಾರ ಬೀಳದಂತೆ ಒಂದು ಪಕ್ಕಕ್ಕೆ ಮಲಗಿ ಕುಡಿಸಲಿ. ಇಲ್ಲವೇ ಕೂಸಿನ ಕಾಲು ತಾಯಿಯ ಬೆನ್ನ ಹಿಂದೆ ಹೋಗುವಂತೆ ಬಗಲಲ್ಲಿ ಹಿಡಿಯಲಿ. ನನ್ನನ್ನು ಕೇಳಿದರೆ ಬಗಲ ಹಿಡಿತವೇ ಮೇಲು. ಕೂಸಿನ ಬಾಯಿ ತಾಯಿಗೆ ಚೆನ್ನಾಗಿ ಕಾಣುತ್ತದೆ.

ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮೊದಲು ಇದೆಲ್ಲವನ್ನೂ ನೀವೇ ಒಮ್ಮೆ ಮಾಡಿ, ಸಿಸ್ಟರ್‌ಗೆ ತೋರಿಸಿ. 'ಸಿಸ್ಟರ್, ಕೂಸು ಬಿಡೋ ತನಕ ನಿಂತು ನೋಡ್ರಿ' ಎಂದು ಕೇಳಿ. ಅದು ನಿಮ್ಮ ಹಕ್ಕು.

ಸಾಲುತ್ತಿದೆಯೇ?

ಅಳುವನ್ನು ನೋಡಿ ಲೆಕ್ಕ ಹಾಕಬೇಡಿ. ದಿನ ರಾತ್ರಿ ಸೇರಿ 8ರಿಂದ 12 ಸಲ ಕುಡಿಯುವುದು ಸಹಜ. ಐದನೇ ದಿನದ ಹೊತ್ತಿಗೆ ಕಪ್ಪು ಮಲ ಹೋಗಿ ಹಳದಿ ಬರಬೇಕು. ಆಮೇಲೆ ದಿನಕ್ಕೆ 6 ಅಥವಾ ಹೆಚ್ಚು ಸಲ ಮೂತ್ರ ಮಾಡಬೇಕು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುತ್ತದೆ. ಸುಮಾರು ಎರಡು ವಾರಕ್ಕೆ ಹುಟ್ಟಿದಾಗಿನ ತೂಕ ಮರಳಬೇಕು. ಮೊದಲ ದಿನ ಕೂಸಿನ ಹೊಟ್ಟೆಯಲ್ಲಿ ಹಿಡಿಯುವುದು ಒಂದೆರಡು ಚಮಚ ಮಾತ್ರ, ಆದ್ದರಿಂದ ಹಾಲು ಹನಿಹನಿಯಾಗಿ ಬಂದರೆ ಹೆದರಬೇಡಿ. ಎರಡರಿಂದ ನಾಲ್ಕನೇ ದಿನದೊಳಗೆ ಹಾಲು ತುಂಬಿ ಬರುತ್ತದೆ. ಆದರೆ ರಾತ್ರಿ ಕುಡಿಸುವುದನ್ನು ಬಿಟ್ಟರೆ ಹಾಲು ಕಡಿಮೆಯಾಗುತ್ತ ಹೋಗುತ್ತದೆ.

ಅಳವಿ ಪಾಯಸ, ಅಂಟಿನ ಉಂಡಿ, ಸಬ್ಬಸಿಗಿ ಪಲ್ಯ ಉಣ್ಣಿ, ಬಾಣಂತಿಗೆ ಶಕ್ತಿ ಬೇಕಲ್ವಾ? ಆದರೆ ಹಾಲು ಹೆಚ್ಚುವುದು ಎದೆ ಖಾಲಿಯಾದಷ್ಟೂ. ಬಾಣಂತಿಗೆ ನೀರು ಕೊಡದೆ ಇಡುವುದು ತಪ್ಪು, ಬಾಯಾರಿದಷ್ಟು ಕುಡಿಯಲಿ. ಕೂಸಿಗೆ ಮಾತ್ರ ಆರು ತಿಂಗಳು ನೀರು ಬೇಡ. ವಿಜಯಪುರದ ಏಪ್ರಿಲ್ ಬಿಸಿಲಲ್ಲೂ ಬೇಡ. ತಾಯಿಹಾಲಿನಲ್ಲಿ ನೂರಕ್ಕೆ 87–88 ಭಾಗ ನೀರೇ ಇದೆ.

ಅಂಗಡಿಯ ಸಾಮಾನಿನ ಬಗ್ಗೆ ಒಂದು ಮಾತು. ರಬ್ಬರ್ ನಿಪ್ಪಲ್ ಬಾಟಲಿ ತರಬೇಡಿ. ಹಿಂಡಿದ ಹಾಲು ಕೊಡಬೇಕಾದರೆ ಒಳಲೆ ಅಥವಾ ಸಣ್ಣ ಲೋಟ ಸಾಕು, ತೊಳೆಯುವುದೂ ಸುಲಭ. ಗ್ರೈಪ್ ವಾಟರ್ ದುಡ್ಡು ದಂಡ. ತೊಟ್ಟು ಒಡೆದರೆ ಕ್ರೀಮು ಹುಡುಕುವ ಮೊದಲು ಹಿಡಿತ ಸರಿಮಾಡಿ. ಕೊನೆಯ ಹನಿ ಹಾಲನ್ನೇ ಹಚ್ಚಿ ಗಾಳಿಗೆ ಬಿಡಿ. ಡಬ್ಬಿ ಹಾಲು, ಬಾಟಲಿಗಳ ಜಾಹೀರಾತು ಮಾಡುವುದು, ಉಚಿತ ಸ್ಯಾಂಪಲ್ ಹಂಚುವುದು, ಇವುಗಳ ಮಾರಾಟ ನಿಯಂತ್ರಿಸುವ 1992ರ ಕಾಯ್ದೆಯಡಿ ಅಪರಾಧ. ಹಾಗಂತ ತೂಕ ಏರದ, ದಿನ ತುಂಬದೆ ಹುಟ್ಟಿದ ಕೂಸಿಗೆ ವೈದ್ಯರು ಪೂರಕ ಹಾಲು ಹೇಳಿದರೆ ಕೊಡಲೇಬೇಕು. ನಿಜವಾಗಿ ಹಾಲು ಕಡಿಮೆ ಇರುವ ತಾಯಂದಿರೂ ಇದ್ದಾರೆ. ಅವರನ್ನು ಯಾರೂ ಆಡಿಕೊಳ್ಳಬಾರದು.

ಮನೆಗೆ ಬಂದ ಮೇಲೆ

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಅವರನ್ನು ತೂಕ ನೋಡಿ ಕಳಿಸಿಬಿಡಬೇಡಿ, ಕೂಸಿಗೆ ಕುಡಿಸಿ ತೋರಿಸಿ. ಗಂಡನ ಮನೆ ಹುನಗುಂದದಲ್ಲಿ, ಬಾಣಂತನ ಮುಧೋಳದಲ್ಲಿ ಎಂಬಂತಿದ್ದರೆ ತವರಿನ ಆಶಾಗೆ ಮೊದಲೇ ಸುದ್ದಿ ಮುಟ್ಟಿಸಿ. ಇಲ್ಲದಿದ್ದರೆ ಎರಡೂ ಊರಿನ ಪಟ್ಟಿಯಿಂದ ಹೆಸರು ತಪ್ಪುತ್ತದೆ.

ಎದೆ ಕಟ್ಟಿ ಕಲ್ಲಾದರೆ ಕುಡಿಸುವ ಮೊದಲು ಕೈಯಿಂದ ಸ್ವಲ್ಪ ಹಿಂಡಿ. ಕಪ್ಪು ಭಾಗ ಮೆತ್ತಗಾಗಿ ಕೂಸಿಗೆ ಹಿಡಿಯಲು ಬರುತ್ತದೆ. ಒಂದು ಕಡೆ ಕೆಂಪಾಗಿ ಜ್ವರ ಬಂದರೆ ಕುಡಿಸುವುದನ್ನು ನಿಲ್ಲಿಸದೆ ವೈದ್ಯರಿಗೆ ತೋರಿಸಿ. ಕೂಸು ಎಬ್ಬಿಸಿದರೂ ಕುಡಿಯಲು ಏಳುತ್ತಿಲ್ಲ, ಮೂತ್ರ ಕಡಿಮೆಯಾಗಿದೆ, ಮೈ ತಣ್ಣಗಿದೆ ಅಥವಾ ಸುಡುತ್ತಿದೆ, ಅಂಗಾಲು ಅಂಗೈವರೆಗೆ ಹಳದಿಯಾಗಿದೆ ಎಂದರೆ ಬೆಳಗಾಗುವ ತನಕ ಕಾಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ.