ಹುಣಸೆ ಬಿಟ್ಟ 90 ದಿನ: ಹಾಂಗ್‌ಝೌನಲ್ಲಿ ನನ್ನ ವಸಂತದ ಊಟ

ಈ ವಸಂತದಲ್ಲಿ ಒಂದು ರಾತ್ರಿಯೂ ಎದೆಯುರಿಯಿಂದ ಮೂರು ಗಂಟೆಗೆ ಎದ್ದು ಕೂರಲಿಲ್ಲ. ಚೀನೀ ಪಂಚಾಂಗದಲ್ಲಿ ವಸಂತ ಶುರುವಾಗುವ ಲಿಛುನ್‌ನಿಂದ ಬೇಸಿಗೆ ಶುರುವಾಗುವ ಲಿಶ್ಯಾವರೆಗೆ, ಅಂದರೆ ಫೆಬ್ರವರಿ ಮೊದಲ ವಾರದಿಂದ ಮೇ 5ರವರೆಗೆ, ಹೆಚ್ಚುಕಡಿಮೆ 90 ದಿನ. ಚೀನಾದ ಹಾಂಗ್‌ಝೌಗೆ ಬಂದ ಮೇಲೆ ಇದೇ ಮೊದಲು. ಇಲ್ಲೇ ಹತ್ತಿರದ ಈವೂ ಊರಿನಲ್ಲಿರುವ ನಮ್ಮ ಕನ್ನಡದ ಗೆಳೆಯರು "ಹುಣಸೆಹಣ್ಣು ಬಿಟ್ಟು ನೀನು ಒಂದು ವಾರ ಇರು ನೋಡೋಣ" ಅಂದಿದ್ದರು. ನನ್ನ ಯೋಗ ತರಗತಿಗೆ ಬರುವ ಚೀನೀ ಹೆಂಗಸರಿಗೂ ನಂಬಿಕೆ ಇರಲಿಲ್ಲ. ಮೀನಿಲ್ಲ, ಮಾಂಸವಿಲ್ಲ, ಮೂಳೆಯ ಸಾರಿಲ್ಲ, ಇನ್ನು ಯಾಂಗ್‌ಶೆಂಗ್, ಅಂದರೆ ಊಟ ನಡವಳಿಕೆಯಿಂದ ಮೈ ಕಾಪಾಡಿಕೊಳ್ಳೋದು, ಹೇಗೆ ಆಗುತ್ತೆ ಅಂತ ಅವರ ಪ್ರಶ್ನೆ. ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡಿಸಿ, ಹುಣ್ಣಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೇ ನಾನು ಇದಕ್ಕೆ ಇಳಿದದ್ದು. ನೀವೂ ಹಾಗೇ ಮಾಡಿ.

ಮೊದಲ ವರ್ಷ, 2021. ಚೀನೀ ಔಷಧಿ ಅಂಗಡಿಯೊಂದರಲ್ಲಿ ನಾಡಿ ನೋಡಿದರು, ನಾಲಿಗೆ ನೋಡಿದರು. ವಸಂತ ಅಂದರೆ ಪಿತ್ತಜನಕಾಂಗದ ಕಾಲ, ಅದು ಕೆರಳಿ ಹೊಟ್ಟೆಯ ಮೇಲೆ ಸವಾರಿ ಮಾಡುತ್ತಿದೆ ಅಂದರು. ಕಷಾಯದ ಪೊಟ್ಟಣಗಳಿಗೆ ಸುಮಾರು 1,800 ಯುವಾನ್ ಆಯಿತು. ಅರ್ಧವೂ ಕುಡಿಯಲಾಗಲಿಲ್ಲ. ದುಡ್ಡು ಹೋದ ಸಂಕಟಕ್ಕೆ ನಾನೇ ಗೋಜಿ ಅನ್ನೋ ಸಣ್ಣ ಕೆಂಪು ಒಣಹಣ್ಣು ಮತ್ತು ಹೊಂಗ್‌ಝಾವ್ ತಂದೆ. ಹೊಂಗ್‌ಝಾವ್ ಅಂದರೆ ನಮ್ಮ ಎಲಚಿಯ ಜಾತಿಯ ಒಣಹಣ್ಣು. ದಿನಕ್ಕೊಂದು ಹಿಡಿ ತಿಂದೆ. ಹತ್ತೇ ದಿನಕ್ಕೆ ಬಾಯೆಲ್ಲ ಹುಣ್ಣು, ಕಣ್ಣುರಿ. ಇಲ್ಲಿನವರು ಶಾಂಗ್‌ಹುವೊ ಅನ್ನುತ್ತಾರಲ್ಲ, ಅದೇ. ನಮ್ಮಲ್ಲಿ ಉಷ್ಣ ಆಯಿತು ಅನ್ನುತ್ತೇವೆ.

ಎರಡನೇ ವರ್ಷದ ತಪ್ಪು ಇನ್ನೂ ದೊಡ್ಡದು. ವಸಂತದಲ್ಲಿ ಹುಳಿ ಕಡಿಮೆ ಮಾಡು, ಸಿಹಿ ಹೆಚ್ಚು ಮಾಡು ಅನ್ನೋ ಮಾತೊಂದಿದೆ. ಥಾಂಗ್ ರಾಜವಂಶದ ಕಾಲದ ವೈದ್ಯ ಸುನ್ ಸಿಮ್ಯಾವ್ ಹೇಳಿದ್ದು ಅಂತ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಹುಳಿ ಬಿಡೋದು ಕಷ್ಟ, ಸಿಹಿ ತಿನ್ನೋದು ಸುಲಭ. ಹಾಗಾಗಿ ನಾನು ಸುಲಭದ್ದನ್ನೇ ಹಿಡಿದೆ. ಬೆಳಿಗ್ಗೆ ಬೆಲ್ಲದ ಪಾಯಸ, ಸಂಜೆ ಕೆಂಪು ಅವರೆಯ ಸಿಹಿ ಬನ್ನು. ಏಪ್ರಿಲ್ ಹೊತ್ತಿಗೆ ಮೂರು ಕಿಲೋ ಏರಿದ್ದೆ. ಎದೆಯುರಿ ಜಾಸ್ತಿಯೇ ಆಯಿತು.

ಬಿಡಿಸಿ ಹೇಳಿದ್ದು ಪಕ್ಕದ ಮನೆಯ ಆಯಿ. ಇಲ್ಲಿ ಚಿಕ್ಕಮ್ಮನ ವಯಸ್ಸಿನವರನ್ನು ಹಾಗೆ ಕರೆಯುತ್ತಾರೆ. ಉತ್ತರ ಕರ್ನಾಟಕದವರಿಗೆ ಈ ಪದ ಕೇಳಿದರೆ ಅಜ್ಜಿ ನೆನಪಾಗುತ್ತಾಳೆ, ನನಗೂ ಹಾಗೇ. ಆಯಿ ನನ್ನ ಸಕ್ಕರೆ ಡಬ್ಬಿ ಮುಚ್ಚಿಟ್ಟರು. ಒಂದು ಹಿಡಿ ಶ್ಯಾವ್‌ಮಿ ನನ್ನ ಬಾಯಿಗೆ ಹಾಕಿ "ಅಗಿ, ನುಂಗಬೇಡ" ಅಂದರು. ಎರಡು ನಿಮಿಷ ಅಗಿದೆ. ಕೊನೆಗೆ ನಾಲಿಗೆಯ ಹಿಂದೆ ಸಣ್ಣಗೆ ಸಿಹಿ ಬಂತು. "ಇದು ಗಾನ್. ನೀನು ತಿಂದದ್ದು ಥಾಂಗ್" ಅಂದರು. ಥಾಂಗ್ ಅಂದರೆ ಸಕ್ಕರೆ. ಗಾನ್ ಅಂದರೆ ಧಾನ್ಯ, ಗೆಡ್ಡೆ, ಎಳೆಸೊಪ್ಪು ಇವುಗಳ ಒಳಗಿರುವ ಸಿಹಿ. ಶ್ಯಾವ್‌ಮಿ ನೋಡಿದರೆ ನಮ್ಮ ನವಣೆ! ಎರಡು ವರ್ಷದಿಂದ ಅದರ ಮುಂದೇ ಓಡಾಡಿಕೊಂಡಿದ್ದೆ.

ಆಮೇಲೆ ನಮ್ಮ ಆಯುರ್ವೇದದ ಋತುಚರ್ಯೆ ತೆಗೆದು ನೋಡಿದೆ. ವಸಂತದಲ್ಲಿ ಹುಳಿ ಬೇಡ ಅನ್ನೋದಕ್ಕೆ ಅವರೂ ಒಪ್ಪುತ್ತಾರೆ. ಸಿಹಿಯೂ ಬೇಡ, ಜಿಡ್ಡೂ ಬೇಡ, ಹಗಲುನಿದ್ದೆಯೂ ಬೇಡ ಅಂತ ಇನ್ನೂ ಮುಂದೆ ಹೋಗುತ್ತಾರೆ, ಕಫ ಕರಗುವ ಕಾಲ ಅಂತ. ಎರಡೂ ಕಡೆಯವರು ಒಪ್ಪಿದ ವಿಷಯವನ್ನೇ ನಾನು ಕೈಬಿಟ್ಟಿದ್ದೆ ನೋಡಿ.

2023ರಲ್ಲಿ ಹುಳಿ ಒಂದೇ ಸಲ ನಿಲ್ಲಿಸಿದೆ. ಹುಣಸೆ, ನಿಂಬೆ, ಟೊಮೆಟೊ, ಹುಳಿಮೊಸರು ಎಲ್ಲವನ್ನೂ. ಅದು ನಡೆಯಲಿಲ್ಲ. ಹಗಲು ರಾತ್ರಿ ಸಮವಾಗುವ ಛುನ್‌ಫೆನ್‌ನ ಮರುದಿನವೇ ಯುಗಾದಿ ಬಂತು. ಬೇವು ಬೆಲ್ಲ ಆಯಿತು, ಚಿತ್ರಾನ್ನ ಆಯಿತು, ಹೊಸ ಹುಣಸೆ ಗೊಜ್ಜು ಆಯಿತು. ಒಂದೂವರೆ ತಿಂಗಳ ಬಯಕೆ ಒಂದೇ ಮಧ್ಯಾಹ್ನ ತೀರಿತು. ಆ ರಾತ್ರಿ ಮಲಗಲೇ ಇಲ್ಲ.

ಈಗ ಮಾಡುವ ರೀತಿ ಬೇರೆ. ಹುಳಿಯನ್ನು ಚಳಿಗಾಲದಲ್ಲೇ ಇಳಿಸುತ್ತಾ ಬರುತ್ತೇನೆ. ಡಿಸೆಂಬರ್ ಕೊನೆಗೆ ಅರ್ಧ, ಜನವರಿಯಲ್ಲಿ ಕಾಲು. ಲಿಛುನ್ ಹೊತ್ತಿಗೆ ನಾಲಿಗೆಗೆ ಅಭ್ಯಾಸವಾಗಿರುತ್ತದೆ. ಸಾರಿಗೆ ಹುಳಿ ಇಲ್ಲದಿದ್ದರೆ ಬಾಯಿಗೆ ಬೋಳು ಅನ್ನಿಸುತ್ತೆ, ಅಲ್ವಾ? ಅದಕ್ಕೆ ನಾನು ಒಂದು ಸೊಪ್ಪಿನ ಬೇರು ಮತ್ತು ಒಂದು ಒಗ್ಗರಣೆ ಕಂಡುಕೊಂಡಿದ್ದೇನೆ. ಅದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ. ಮನೆಗೆ ಬನ್ನಿ, ಬಡಿಸುತ್ತೇನೆ.

ಬೆಳಗಿನದು ನವಣೆ ಗಂಜಿ, ಅದರೊಳಗೆ ಒಂದು ಗೇಣು ಶಾನ್‌ಯಾವ್ ಗೆಡ್ಡೆ, ಹೊಂಗ್‌ಝಾವ್ ಎರಡೇ ಎರಡು. ಶಾನ್‌ಯಾವ್ ಸುಲಿಯುವಾಗ ಕೈಗವಸು ಹಾಕಿ. ಲೋಳೆ ತಾಗಿದರೆ ಮೊಣಕೈವರೆಗೂ ತುರಿಕೆ. ನವಣೆ ಒಂದು ಜಿನ್‌ಗೆ, ಅಂದರೆ ಅರ್ಧ ಕಿಲೋಗೆ, ಏಳೆಂಟು ಯುವಾನ್, ಗೆಡ್ಡೆಗೆ ಹತ್ತರ ಆಸುಪಾಸು. ದಿನದ ತಿಂಡಿ ಮೂರು ಯುವಾನ್ ದಾಟೋದಿಲ್ಲ. 1,800ರ ಪೊಟ್ಟಣ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಮಧ್ಯಾಹ್ನಕ್ಕೆ ಆ ವಾರ ಮಾರುಕಟ್ಟೆಗೆ ಬಂದ ಸೊಪ್ಪು. ಸೊಪ್ಪಿನ ಹೆಂಗಸರು ಯಾವುದನ್ನು ನೆಲದ ಮೇಲೆ ಗೋಣಿ ಹಾಸಿ ರಾಶಿ ಹಾಕಿದ್ದಾರೋ ಅದೇ ಆ ವಾರದ್ದು. ಜೀತ್ಸಾಯ್ ಮೊದಲು ಬರುತ್ತೆ. ಅದರ ಬಸ್ಸಾರು ನಾನು ಮಾಡಿದ ಅತ್ಯುತ್ತಮ ಅಡುಗೆ ಅಂತ ಧೈರ್ಯವಾಗಿ ಹೇಳುತ್ತೇನೆ. ಬಸಿದ ಕಟ್ಟು ಸಿಹಿಯಾಗಿ, ಘಮ್ ಅನ್ನುತ್ತೆ. ಅದೇ ಧೈರ್ಯದಲ್ಲಿ ಮಾಲಾನ್‌ಥೋ ಅನ್ನೋ ಸೊಪ್ಪಿನ ಬಸ್ಸಾರಿಗೂ ಕೈ ಹಾಕಿದೆ. ಕಟ್ಟು ಕಪ್ಪು ಹಸಿರಾಯಿತು, ಒಂದು ಚಮಚ ಬಾಯಿಗಿಟ್ಟರೆ ಕಹಿ. ಅರ್ಧ ಕಿಲೋ ತೊಗರಿಬೇಳೆ ದಂಡವಾಯಿತು. ಇಲ್ಲಿ ತೊಗರಿಬೇಳೆ ಅಗ್ಗವಲ್ಲ. ಮಾಲಾನ್‌ಥೋವನ್ನು ಕುದಿನೀರಿಗೆ ಹಾಕಿ ತೆಗೆದು, ಆ ನೀರು ಚೆಲ್ಲಿ, ತಣ್ಣೀರಲ್ಲಿ ಅದ್ದಿ, ಟೆನಿಸ್ ಚೆಂಡಿನಷ್ಟು ಉಂಡೆಯಾಗುವ ತನಕ ಹಿಂಡಬೇಕು. ಆಮೇಲೆ ಸಣ್ಣಗೆ ಹೆಚ್ಚಿ, ಇಲ್ಲಿನವರ ಹಾಗೇ ಒಣ ತೋಫು ಮತ್ತು ಎಳ್ಳೆಣ್ಣೆ ಸೇರಿಸಿ. ಅದನ್ನು ನಮ್ಮ ದಾರಿಗೆ ಎಳೆಯಬೇಡಿ.

ಶಿಯಾಂಗ್‌ಛುನ್ ಅನ್ನೋ ಮರದ ಚಿಗುರು ಮೊದಲು ಬಂದಾಗ ಒಂದು ಜಿನ್‌ಗೆ 60 ಯುವಾನ್ ಕೊಟ್ಟಿದ್ದೆ. ಈಗ ಹಾಗೆ ಕೊಡೋದಿಲ್ಲ, ಹತ್ತು ದಿನ ಕಾದರೆ ಅರ್ಧಕ್ಕೆ ಇಳಿಯುತ್ತೆ. ಆದರೆ ಪಂಚಾಂಗದ ಗೂಯೂ ದಿನ ದಾಟಬಾರದು, ಏಪ್ರಿಲ್ 20ರ ಮೇಲೆ ಅದು ನಾರು. ಕುದಿನೀರಲ್ಲಿ ಒಂದು ನಿಮಿಷ ಅದ್ದದೆ ತಿನ್ನಲೇಬೇಡಿ, ಅದರಲ್ಲಿ ನೈಟ್ರೈಟ್ ಇರುತ್ತೆ. ಅದರ ತಂಬುಳಿ ಮಾಡಿ ನೋಡಿದೆ. ಮೊಸರಿಗೆ ಆ ವಾಸನೆ ಒಗ್ಗಲಿಲ್ಲ.

ಬಿದಿರಿನ ಕಳಲೆಯಲ್ಲಿ ಎಚ್ಚರ. ಹಿಂದೊಮ್ಮೆ ಮಲೆನಾಡಿನ ಗೆಳತಿಯೊಬ್ಬಳು ಬಂದಿದ್ದಾಗ ವಾರವಿಡೀ ಕಳಲೆ ಪಲ್ಯ ಮಾಡಿದೆವು. ಐದನೇ ದಿನ ಹಳೆಯ ಉರಿ ಮತ್ತೆ ಕಾಣಿಸಿಕೊಂಡಿತು. ಇಲ್ಲಿನವರು ಅದನ್ನು ಫಾವೂ, ಅಂದರೆ ಕೆರಳಿಸುವ ಪದಾರ್ಥ ಅನ್ನುತ್ತಾರೆ. ವಾರಕ್ಕೆ ಒಂದೇ ಸಲ ಸಾಕು, ಬೇಯಿಸಿ ನೀರು ಚೆಲ್ಲಿ.

ಛಿಂಗ್‌ಥ್ವಾನ್ ವಿಷಯ ಬರೆಯದಿದ್ದರೆ ಮನಸ್ಸು ಒಪ್ಪೋದಿಲ್ಲ. ಹಿರಿಯರ ಸಮಾಧಿಗೆ ಹೋಗುವ ಛಿಂಗ್‌ಮಿಂಗ್ ಹಬ್ಬದ ಹಸಿರು ಕಡುಬು ಅದು. ಅದಕ್ಕೆ ಹಾಕುವ ಆಯ್‌ತ್ಸಾವ್ ಎಲೆಯನ್ನು ಮೊದಲ ಸಲ ಕೈಯಲ್ಲಿ ಉಜ್ಜಿದಾಗ ಕಣ್ಣು ತುಂಬಿ ಬಂತು. ಗಣೇಶನ ಪೂಜೆಗೆ ಅಮ್ಮ ತರುತ್ತಿದ್ದ ಮಾಚಿಪತ್ರೆಯ ವಾಸನೆ! ಎರಡೂ ಒಂದೇ ಬಳಗದ ಗಿಡಗಳು. ಎಲೆಯನ್ನು ಚಿಟಿಕೆ ಸೋಡಾ ಹಾಕಿದ ನೀರಲ್ಲಿ ಬೇಯಿಸಿದರೆ ಬಣ್ಣ ನಿಲ್ಲುತ್ತೆ, ಕಹಿ ಇಳಿಯುತ್ತೆ. ನನ್ನ ಮೊದಲ 40 ಉಂಡೆ ಹಬೆಯಲ್ಲಿ ದೋಸೆಯ ಹಾಗೆ ಹರಡಿಬಿಟ್ಟವು, ಬರೀ ಅಂಟಕ್ಕಿ ಹಿಟ್ಟು ಹಾಕಿದ್ದೆ. ಮೂರು ಪಾಲಿಗೆ ಒಂದು ಪಾಲು ಮಾಮೂಲಿ ಅಕ್ಕಿಹಿಟ್ಟು ಸೇರಿಸಿದ ಮೇಲೆ ನಿಂತವು. ಒಳಗೆ ಕಾಯಿಬೆಲ್ಲದ ಹೂರಣ, ಹಬೆ ಹತ್ತು ನಿಮಿಷ. ಅಂಗಡಿಯಲ್ಲಿ ಒಂದಕ್ಕೆ ಐದಾರು ಯುವಾನ್, ನನ್ನದು ಒಂದೂವರೆಗೆ ಬಂತು. ತರಗತಿಯ ಹೆಂಗಸರು ಡಬ್ಬಿ ಖಾಲಿ ಮಾಡಿ ಅಳತೆ ಕೇಳಿದರು. ನಾನು ಮಾತ್ರ ದಿನಕ್ಕೊಂದೇ ತಿಂದೆ. ಅಂಟಕ್ಕಿ ಅರಗೋದು ನಿಧಾನ.

ರಾತ್ರಿ ಊಟ ಆರೂವರೆಗೆ ಮುಗಿಸುತ್ತಿದ್ದೆ. ಮಲಗುವ ಮುಂಚೆ ಆಯ್‌ತ್ಸಾವ್ ಮತ್ತು ಶುಂಠಿ ಹಾಕಿದ ಬಿಸಿನೀರಲ್ಲಿ ಹದಿನೈದು ನಿಮಿಷ ಕಾಲಿಡುತ್ತಿದ್ದೆ. ಬಿಸಿಲು ಬಂತು ಅಂತ ಮಾರ್ಚ್‌ನಲ್ಲೇ ಸ್ವೆಟರ್ ತೆಗೆಯಲಿಲ್ಲ. ಬೆಳಿಗ್ಗೆ ಯೋಗಾಭ್ಯಾಸಕ್ಕೆ ಮುಂಚೆ ಬೇಯ್‌ಶಾನ್ ರಸ್ತೆಯ ಮರಗಳ ಕೆಳಗೆ ಅರ್ಧ ಗಂಟೆ ಕೂದಲು ಬಿಟ್ಟುಕೊಂಡು ನಡೆದೆ. ವಸಂತದಲ್ಲಿ ಕೂದಲು ಬಿಚ್ಚಿ ಅಂಗಳದಲ್ಲಿ ನಿಧಾನ ನಡೆಯಿರಿ ಅಂತ ಅವರ ಹಳೆಯ ವೈದ್ಯಗ್ರಂಥದಲ್ಲೇ ಇದೆ. ಮೈಸೂರಲ್ಲಿ ಯೋಗ ಕಲಿತ ನನಗೆ ಎದ್ದ ಕೂಡಲೇ ಸೂರ್ಯನಮಸ್ಕಾರ ಬಿಟ್ಟು ಸುಮ್ನೆ ನಡೆಯೋದು ಕಷ್ಟವಾಗಿತ್ತು. ಎರಡು ವಾರದಲ್ಲಿ ಅದೇ ಬೇಕು ಅನ್ನಿಸಿತು.

ಮೇ 5ಕ್ಕೆ ಹುಣಸೆ ಡಬ್ಬಿ ತೆಗೆದೆ. ಗೋಲಿಯಷ್ಟು ನೆನೆಸಿ ತಿಳಿಸಾರು ಮಾಡಿ ಆಯಿಗೂ ಒಂದು ಬಟ್ಟಲು ಕೊಟ್ಟೆ. ಮೊದಲ ಗುಟುಕಿಗೆ ಅವರ ಮುಖ ಕಿವುಚಿತು. ಎರಡನೇ ಗುಟುಕಿಗೆ ಬಟ್ಟಲು ಮುಂದೆ ಹಿಡಿದು "ಇನ್ನೂ ಸ್ವಲ್ಪ ಹಾಕು" ಅಂದರು.