ಬಾಯಲ್ಲಿ ಕೇಳಿದ್ದು, ಬರೆದು ಕೇಳಿದ್ದು

ಮಗಳು ಮೂರನೇ ತರಗತಿ. ಎರಡೂ ಕಿವಿಗೆ ಹಿಯರಿಂಗ್ ಏಡ್ ಇದೆ. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಸ್ಕೂಲಿನ ಕಡೆಯಿಂದ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಬಹುದಾ ಎಂದು ಸೆಪ್ಟೆಂಬರಿನಲ್ಲಿ ಟೀಚರನ್ನು ಕೇಳಿದೆ. ಚೆನ್ನಾಗಿಯೇ ಓದ್ತಿದ್ದಾಳಲ್ಲ, ಸ್ವಲ್ಪ ದಿನ ನೋಡೋಣ ಎಂದರು. ನವೆಂಬರ್ ಬಂದರೂ ನೋಡುತ್ತಲೇ ಇದ್ದರು.

ನನಗೆ ಅನುಮಾನ ಹುಟ್ಟಿಸಿದ್ದು 'ಸ್' ಅನ್ನೋ ಒಂದೇ ಸದ್ದು. ಇಂಗ್ಲಿಷಿನಲ್ಲಿ ಅವಳು 'ಟೂ ಬುಕ್', 'ತ್ರೀ ಕ್ಯಾಟ್' ಎಂದೇ ಬರೆಯುತ್ತಿದ್ದಳು. ಮನೆಯಲ್ಲಿ ಬೇರೆ ಭಾಷೆ ಅಲ್ವಾ, ಅದಕ್ಕೇ ಎಂದರು ಟೀಚರ್. ಆದರೆ ಕನ್ನಡದಲ್ಲಿ ಪುಸ್ತಕಗಳು, ಬೆಕ್ಕುಗಳು, ಎಲ್ಲ ಸರಿಯಾಗಿ ಬರುತ್ತಿತ್ತು! ನಮ್ಮ 'ಗಳು' ಗಟ್ಟಿಯಾಗಿ ಕೇಳುತ್ತದೆ. ಇಂಗ್ಲಿಷಿನ ಕೊನೆಯ 'ಸ್' ಕೀರಲು, ಮೆಲ್ಲಗಿನ ಸದ್ದು. ಗದ್ದಲದಲ್ಲಿ ಅದು ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಕನ್ನಡ ಕೂಟದಲ್ಲಿ ಒಬ್ಬ ಅಕ್ಕ ಸಿಕ್ಕರು. ಅವರ ಮಗನಿಗೂ ಇದೇ ತೊಂದರೆ. "ಬಾಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ ಕಣೆ. ಬರೆದು ಕೊಡು, ಸೀಲ್ ಹಾಕಿಸ್ಕೋ" ಅಂದರು.

ಒಂದು ಪುಟದ ಪತ್ರ ಬರೆದೆ. ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣಕ್ಕಿರುವ 'ಐಡಿಯಾ' ಎನ್ನುವ ಫೆಡರಲ್ ಕಾನೂನಿನ ಪ್ರಕಾರ ವಿಶೇಷ ಶಿಕ್ಷಣದ ಮೌಲ್ಯಮಾಪನ ಬೇಕು ಎಂದು ಮೊದಲ ಸಾಲಿನಲ್ಲೇ ಹಾಕಿದೆ. ಕೆಳಗೆ ನಾನು ಕಂಡದ್ದು: ಟೀಚರ್ ಬೋರ್ಡಿನ ಕಡೆ ತಿರುಗಿದರೆ ಇವಳು ಪಕ್ಕದ ಹುಡುಗಿಯ ನೋಟ್ಸ್ ನೋಡುತ್ತಾಳೆ, ಸಂಜೆ ಮನೆಗೆ ಬಂದವಳೇ ಏಡ್ ಕಿತ್ತಿಟ್ಟು ಮಲಗಿಬಿಡುತ್ತಾಳೆ. ಸ್ಕೂಲ್ ಆಫೀಸಿನ ಕೌಂಟರಿನಲ್ಲಿದ್ದ ಹೆಂಗಸು ನನ್ನ ಕಾಪಿಗೂ ತಾರೀಖಿನ ಸೀಲ್ ಒತ್ತಿಕೊಟ್ಟರು.

ನಮ್ಮ ರಾಜ್ಯದಲ್ಲಿ ಇಂಥ ಪತ್ರ ತಲುಪಿದ 15 ದಿನದೊಳಗೆ ಸ್ಕೂಲ್ ಡಿಸ್ಟ್ರಿಕ್ಟ್‌ನವರು, ಅಂದರೆ ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವವರು, ಅಸೆಸ್‌ಮೆಂಟ್ ಪ್ಲಾನ್ ಕಳಿಸಬೇಕು. ಯಾವ್ಯಾವ ಪರೀಕ್ಷೆ ಮಾಡುತ್ತೇವೆ ಎನ್ನುವ ಪಟ್ಟಿ ಅದು. ನಮಗೆ ಬಂದದ್ದು ಫೋನು. ಮಾರ್ಕ್ಸ್ ಚೆನ್ನಾಗಿದೆ, ಹಾಗಾಗಿ ಅಗತ್ಯವಿಲ್ಲ ಎಂದರು. ಜಗಳ ಮಾಡಲಿಲ್ಲ. "ಇದನ್ನೇ ಕಾರಣ ಸಮೇತ ಬರೆದು ಕೊಡಿ" ಎಂದು ಅವತ್ತೇ ಈಮೇಲ್ ಹಾಕಿದೆ. ಇಲ್ಲ ಎನ್ನುವುದಾದರೆ ಬರೆದೇ ಕೊಡಬೇಕು ಅಂತ ಕಾನೂನಿದೆ. ಮೂರನೇ ದಿನ ಪ್ಲಾನ್ ಬಂತು.

ಅದರಲ್ಲಿ 'ಹಿಯರಿಂಗ್' ಎದುರು ಇದ್ದದ್ದು ಸ್ಕೂಲ್ ನರ್ಸ್ ಮಾಡುವ ಬೀಪ್ ಪರೀಕ್ಷೆ, ಅಷ್ಟೇ. ಕಿವಿ ಮಂದ ಅಂತ ಗೊತ್ತಿರುವ ಮಗುವಿಗೆ ಅದರಿಂದೇನು ಉಪಯೋಗ? ಸಹಿ ಹಾಕುವ ಮುಂಚೆ ಮೂರು ಸೇರಿಸಿ ಎಂದೆ: ಎಜುಕೇಷನಲ್ ಆಡಿಯಾಲಜಿಸ್ಟ್ (ಶಾಲೆಯಲ್ಲಿ ಮಕ್ಕಳಿಗೆ ಹೇಗೆ ಕೇಳುತ್ತದೆ ಎಂದು ನೋಡುವ ತಜ್ಞರು) ತರಗತಿಯಲ್ಲೇ ಮಾಡುವ ಪರೀಕ್ಷೆ, ಮಾತು-ಭಾಷೆಯದು, ಗೆಳೆಯರ ಜೊತೆ ಹೇಗಿದ್ದಾಳೆ ಎನ್ನುವುದು. ಕನ್ನಡವನ್ನೂ ನೋಡಿ ಎಂದಿದ್ದಕ್ಕೆ ಮೊದಲು ಹಿಂದಿ ದುಭಾಷಿಯನ್ನು ಗೊತ್ತು ಮಾಡಿದರು. ಇಂಡಿಯಾ ಅಂದರೆ ಹಿಂದಿ! ಎರಡನೇ ಸಲ ಕನ್ನಡದವರು ಸಿಕ್ಕರು.

ಸಹಿ ತಲುಪಿದ ಮೇಲೆ, ಪರೀಕ್ಷೆ ಮುಗಿಸಿ ಏನು ಸಹಾಯ ಕೊಡಬೇಕೆಂದು ತೀರ್ಮಾನಿಸುವ ಮೀಟಿಂಗಿಗೆ 60 ದಿನ. ನಾನು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾ ಎಣಿಸಿ, ತಡವಾಯಿತೆಂದು ಖಾರವಾಗಿ ಒಂದು ಈಮೇಲ್ ಬರೆದೆ. ಐದು ಶಾಲಾ ದಿನಕ್ಕಿಂತ ಜಾಸ್ತಿ ರಜೆ ಇದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲವಂತೆ. ಕ್ರಿಸ್‌ಮಸ್ ರಜೆ ಪೂರ್ತಿ ಹೋಯಿತು. ಕ್ಷಮೆ ಕೇಳಿದೆ.

ತರಗತಿಯ ಪರೀಕ್ಷೆಯ ದಿನ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟರು. ಆಡಿಯಾಲಜಿಸ್ಟ್ ಒಂದೊಂದೇ ವಾಕ್ಯ ಹೇಳುತ್ತಾರೆ, ಇವಳು ತಿರುಗಿ ಹೇಳಬೇಕು. ಮೊದಲು 3 ಅಡಿ ದೂರದಿಂದ, ಆಮೇಲೆ 12 ಅಡಿಯಿಂದ. ಒಮ್ಮೆ ನಿಶ್ಶಬ್ದದಲ್ಲಿ, ಒಮ್ಮೆ ಮಕ್ಕಳ ಗಲಾಟೆಯ ರೆಕಾರ್ಡಿಂಗ್ ಹಾಕಿ. ತುಟಿ ಕಾಣಬಾರದಲ್ಲ, ಅದಕ್ಕೆ ಕಸೂತಿ ಹಾಕುವ ರಿಂಗಿಗೆ ಸ್ಪೀಕರಿನ ತೆಳು ಬಟ್ಟೆ ಬಿಗಿದು ಬಾಯಿಗೆ ಅಡ್ಡ ಹಿಡಿದಿದ್ದರು. ಹತ್ತಿರದಲ್ಲಿ, ತುಟಿ ಕಾಣುವಾಗ 96 ಪರ್ಸೆಂಟ್. ದೂರ, ಗಲಾಟೆ, ರಿಂಗ್ ಅಡ್ಡ: 52. ಅರ್ಧ ಪಾಠ! ಉಳಿದರ್ಧವನ್ನು ಅವಳು ಊಹಿಸಿಕೊಂಡೇ ಅಷ್ಟು ಮಾರ್ಕ್ಸ್ ತೆಗೆಯುತ್ತಿದ್ದಳು. ಟೀಚರ್ ಆ ಹಾಳೆ ನೋಡಿ ಸುಮ್ಮನಾದರು. ಆಮೇಲೆ ಅವರಷ್ಟು ಸಹಾಯ ಮಾಡಿದವರು ಇನ್ನೊಬ್ಬರಿಲ್ಲ.

ರಿಪೋರ್ಟುಗಳನ್ನು ಮೀಟಿಂಗಿಗೆ ಮೊದಲೇ ಕೊಡಿ ಎಂದು ಬರೆದು ಕೇಳಿದ್ದೆ. ಓದಿಕೊಂಡು ಹೋಗಿದ್ದರಿಂದ ಮಾತು ಬೇಗ ಮುಗಿಯಿತು. ಟೀಚರ್ ಕೊರಳಿಗೆ ಮೈಕ್, ವಾರಕ್ಕೆರಡು ಸಲ ಸ್ಪೀಚ್ ಥೆರಪಿ, ವಿಡಿಯೋಗಳಿಗೆಲ್ಲ ಕ್ಯಾಪ್ಷನ್, ಯಾವುದಕ್ಕೂ ತಕರಾರು ಬರಲಿಲ್ಲ. ಗಂಟು ಬಿದ್ದದ್ದು ಒಂದೇ ಕಡೆ. ಏಡ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ದಿನಾ ನೋಡುವವರು 'ಸಿಬ್ಬಂದಿ' ಎಂದು ಬರೆದಿದ್ದರು. ಸಿಬ್ಬಂದಿ ಅಂದರೆ ಯಾರು, ಎಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಪ್ರಿನ್ಸಿಪಾಲ್ ಎದ್ದು ಹೊರಗೆ ಹೋಗಿ ಕೇಳಿಕೊಂಡು ಬಂದರು.

ಈಗ ದಿನಾ ಬೆಳಿಗ್ಗೆ ಮಗಳು ಮೊದಲು ಆಫೀಸಿಗೆ ಹೋಗುತ್ತಾಳೆ. ಅವತ್ತು ನನ್ನ ಪತ್ರಕ್ಕೆ ಸೀಲ್ ಒತ್ತಿದ ಹೆಂಗಸೇ ಏಡನ್ನು ಸ್ಟೆತಸ್ಕೋಪಿನಂಥ ನಳಿಕೆಗೆ ಸಿಕ್ಕಿಸಿ ತಮ್ಮ ಕಿವಿಗಿಟ್ಟು ಕೇಳುತ್ತಾರೆ. ಅವರ ಡ್ರಾಯರಿನಲ್ಲಿ, ಸೀಲ್ ಪ್ಯಾಡಿನ ಪಕ್ಕ, ಇವಳ ಬ್ಯಾಟರಿ ಡಬ್ಬಿ ಇದೆ.